ಗುಡ್ಡ ಸರಿಯುವುದಿಲ್ಲ

ನಲವತ್ತು ವರ್ಷ ಸದಾಶಿವಗಡದ ಗುಡ್ಡವನ್ನು
ನನಗೆ ಬೇಕಾದಲ್ಲಿ ಕೂರಿಸಿದವನು ನಾನು.
ಸ್ವಲ್ಪ ಎಡಕ್ಕೆ ಅಂದರೆ ಎಡಕ್ಕೆ ಬಂತು.
ಕಾಳಿಯ ಸೇತುವೆ ಅಡ್ಡವಾದರೆ ಅಳಿಸಿದೆ,
ಖಾಲಿ ಆಕಾಶಕ್ಕೆ ಮೂರು ಬೆಳ್ಳಕ್ಕಿ.
ಯಾವಾಗಲೂ ಮೂರೇ;
ನಾಲ್ಕು ಹಕ್ಕಿಯ ಚಿತ್ರ ಯಾರೂ ಕೊಳ್ಳುವುದಿಲ್ಲ.

ಕ್ಯಾಮೆರಾ ತಂದದ್ದು ಬರೀ ನೆನಪಿಗೆ,
ಕಿರಾಣಿ ಅಂಗಡಿಗೆ ಹೋಗುವಾಗ
ಕಿಸೆಯಲ್ಲಿಟ್ಟುಕೊಳ್ಳುವ ಚೀಟಿಯ ಹಾಗೆ.

ಸಾಣಿಕಟ್ಟಾದ ಉಪ್ಪಿನ ಆಗರ, ಮಾರ್ಚಿಯ ಹನ್ನೊಂದು ಗಂಟೆ.
ದೇವಿ ಆಗೇರ ಹಲಗೆ ಎಳೆಯುತ್ತಿದ್ದಳು,
ನೀರಿನ ಅಡಿಯಿಂದ ಬಿಳಿ ಒಟ್ಟಾಗುತ್ತಿತ್ತು.
ವಾರದ ಮೇಲೆ ಚಿತ್ರ ಒಯ್ದು ತೋರಿಸಿದೆ.
ಒದ್ದೆ ಕೈ ಸೆರಗಿಗೆ ಒರೆಸಿ, ಮುಟ್ಟದೆ ನೋಡಿದಳು:
“ಚೆಂದ ಅದೆ ಮಾಸ್ತರ್ರೆ.
ಹಕ್ಕಿ ಎಲ್ಲಿಂದ ಬಂತು?
ನನ್ನ ಕಾಲು ಎಲ್ಲಿಗೆ ಹೋಯ್ತು?”

ಕಾಲನ್ನು ನೆರಳಲ್ಲಿ ಮುಳುಗಿಸಿದ್ದೆ.
ಪಾದ ಬರೆಯಲು ನನಗೆ ಬರುವುದಿಲ್ಲ.
ಶಾಲೆಯ ಮಕ್ಕಳಿಗೂ, ಪಾದದ ಸುತ್ತ ಹುಲ್ಲು ಬೆಳೆಸಿ
ಎಂದೇ ಕಲಿಸಿ ಪಿಂಚಣಿ ತೆಗೆದುಕೊಂಡವನು.

ಆ ರಾತ್ರಿ ಚೀಟಿಯನ್ನೇ ನೋಡುತ್ತ ಕೂತೆ.
ಅದರಲ್ಲಿ ಕಾಲಿತ್ತು.
ಹಿಮ್ಮಡಿಯ ಬಿರುಕು, ಬಿರುಕಿನೊಳಗೆ ಉಪ್ಪು,
ಆ ಉಪ್ಪಿಗೂ ಹನ್ನೊಂದು ಗಂಟೆಯ ಬಿಸಿಲು.
ನಾನು ಕಾಣದ್ದನ್ನು ಯಂತ್ರ ಕಂಡಿತ್ತು—
ಅಲ್ಲ, ಯಂತ್ರಕ್ಕೇನು ಗೊತ್ತು.
ಬಿಟ್ಟುಬಿಡಲು ಅದಕ್ಕೆ ಬರುವುದಿಲ್ಲ, ಅಷ್ಟೆ.

ಈಗ ಗುಡ್ಡ ಸರಿಯುವುದಿಲ್ಲ.
ನಾನೇ ಸರಿಯಬೇಕು, ಕೆಸರಲ್ಲಿ ಮೊಣಕಾಲೂರಿ.
ಒಂದು ಹೆಜ್ಜೆ ಬಲಕ್ಕೆ ಹೋದರೆ ಕರೆಂಟಿನ ಕಂಬ,
ಹಿಂದೆ ಬಂದರೆ ಹೆದ್ದಾರಿಯ ಲಾರಿ.
ಮೋಡಕ್ಕೆ ಕಾಯುತ್ತೇನೆ. ಮೋಡ ಹೋಗಲು ಕಾಯುತ್ತೇನೆ.
ಬೆಳ್ಳಕ್ಕಿ ಬಂದರೆ ಬಂತು;
ಮೊನ್ನೆ ಏಳು ಬಂದವು, ಬೆನ್ನು ತಿರುಗಿಸಿ ಕೂತವು.

“ಬಟನ್ ಒತ್ತುವುದಕ್ಕೆ ಇಷ್ಟು ರೊಕ್ಕವಾ?”
ಎಂದರು ಹಳೆಯ ಗಿರಾಕಿ, ಚಹಾ ಕುಡಿದೇ ಹೋದರು.
ಜಲವರ್ಣದ ಡಬ್ಬಿ ಒಣಗಿ ಸೀಳಿದೆ,
ನೀಲಿಯೊಂದು ಇನ್ನೂ ಹಸಿ, ಯಾಕೋ.

ಬಿಳಿ ಎಂದರೆ ಆಗ ಕೈ ಹಚ್ಚದೆ ಬಿಟ್ಟ ಕಾಗದ.
ಈಗ ಅದೇ ಬಿಳಿಗೆ
ಕೋಡಿಬಾಗದ ಪುರ್ಸೋ ತಾಂಡೇಲನ ಅಂಗಡಿಯಲ್ಲಿ
ಹನ್ನೊಂದು ಪ್ರಿಂಟು ಹರಿದೆ.
ಇದು ಸುಣ್ಣ, ಪುರ್ಸೋ. ಇದು ಸಕ್ಕರೆ.
ಇದು ಆಸ್ಪತ್ರೆಯ ಗೋಡೆ.
ಹನ್ನೆರಡನೆಯದನ್ನು ಅವನು ನಾಲಗೆಯ ಹತ್ತಿರ ಹಿಡಿದು
“ಉಪ್ಪು ಸರಿಯಾಯ್ತಾ, ನೋಡ್ಲಾ?” ಅಂದ.
ನಗು ಬಂತು. ಸರಿಯಾಗಿತ್ತು.

ಹತ್ತಿಯ ಕಾಗದ, ಬಣ್ಣವಿಲ್ಲ,
ಮೊಳ ಉದ್ದದ ಒಂದು ಹಿಮ್ಮಡಿ.
ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ,
ಅಂಕೋಲೆಯಲ್ಲಿ ಹತ್ತಿದವರು ಜಾಗ ಬಿಟ್ಟು ಕೂತರು.

ದೇವಿ ಈ ಸಲ ಕೈ ಒರೆಸಲಿಲ್ಲ.
ಕಟ್ಟೆಯ ಮೇಲೆ ಅದನ್ನು ಒರಗಿಸಿ
ತನ್ನ ಕಾಲನ್ನು ಪಕ್ಕಕ್ಕೆ ತಂದಿಟ್ಟಳು,
ಚಪ್ಪಲಿ ಅಂಗಡಿಯಲ್ಲಿ ಅಳತೆ ನೋಡುವವರಂತೆ.

“ಇದು ಎಡಗಾಲು,” ಅಂದಳು.
“ಬಲದ್ದು ಇದಕ್ಕಿಂತ ಕೆಟ್ಟೋಗದೆ.
ಬೇಕಾದ್ರೆ ನಾಳೆ ಬನ್ನಿ,
ಬಿಸಿಲು ಬಿದ್ದರೆ.”