ಜುಂಗು

ತಲೆದಿಂಬಿನ ಪಕ್ಕ ಒಂದು ಬಿಳಿ ಡಬ್ಬಿ.
ರಾತ್ರಿ ಎರಡಕ್ಕೆ, ಊರೆಲ್ಲ ಮಲಗಿದ ಮೇಲೆ,
ನನ್ನ ಎದೆಯೊಳಗಿನ ಯಂತ್ರವನ್ನು ಮಾತಾಡಿಸುತ್ತದೆ;
ಕೇಳಿದ್ದನ್ನೆಲ್ಲ ಕೋಲಾರದ ಆಸ್ಪತ್ರೆಗೆ ಒಪ್ಪಿಸುತ್ತದೆ.
ನನಗೇನೂ ಹೇಳುವುದಿಲ್ಲ.
ಹಸಿರು ದೀಪ ಮಿಣುಕಿಸಿ ಸುಮ್ಮನಾಗುತ್ತದೆ,
ಚಾಡಿ ಹೇಳಿ ಬಂದು ಮುಸುಕೆಳೆದ ನಾದಿನಿಯ ಹಾಗೆ.

ಗುರುವಾರ ಬೆಳಿಗ್ಗೆ ಫೋನು.
"ಪಿಳ್ಳಕ್ಕ, ನಿನ್ನೆ ಹನ್ನೊಂದೂಕಾಲಿಗೆ ಏನು ಮಾಡ್ತಿದ್ರಿ?"
ನರ್ಸಮ್ಮನ ದನಿ, ಠಾಣೆಯವರ ಪ್ರಶ್ನೆ.
"ಏನ್ ಮಾಡ್ತೀನಮ್ಮ, ನೂಲು ಬಿಚ್ತಿದ್ದೆ."
"ಮೊನ್ನೆ?" "ನೂಲು." "ಸೋಮವಾರ?" "ಅದೇ."
ಆಚೆ ಕಾಗದ ಮಗುಚುವ ಸದ್ದು.
"ನಿಮ್ಮ ಎದೆ ಹಂಗೆ ಬಡ್ಕೊಂಡಿಲ್ಲ. ಯಾವುದೋ ಕರೆಂಟು
ಒಳಗೆ ನುಗ್ತಾ ಇದೆ. ಯಂತ್ರ ಅದನ್ನೇ ಎದೆ ಅಂದ್ಕೊಂಡ್ರೆ
ಬೇಡದ ಹೊತ್ತಲ್ಲಿ ಒದ್ದುಬಿಡುತ್ತೆ."

ಅವತ್ತಿಂದ ಮನೆಯಲ್ಲಿ ಕಳ್ಳನ ಹುಡುಕಾಟ.
ಅಳಿಯ ಗಂಗುಲಪ್ಪ ಮೊದಲು ಮಿಕ್ಸಿಯನ್ನು ಅಟ್ಟಕ್ಕೆ ಹತ್ತಿಸಿದ.
ಇಂಡಕ್ಷನ್ ಒಲೆ ಪಕ್ಕದ ಮನೆ ಸೇರಿತು.
ಮೊಬೈಲನ್ನು ಬಲಗಿವಿಗೆ ಬದಲಾಯಿಸಿದೆ;
ಅದಕ್ಕೆ ಅಭ್ಯಾಸವಿಲ್ಲ, ಮಗಳ ದನಿಯೂ ಬೇರೆಯವರದೆನಿಸಿತು.
ಎದುರುಮನೆ ಮೇಲಿನ ಟವರನ್ನು ಎಲ್ಲರೂ ಬೈದರು,
ಅದು ನಿಂತಲ್ಲೇ ನಿಂತಿತ್ತು.

ಕೋಲಾರದಲ್ಲಿ ಒಬ್ಬ ಹುಡುಗ ಪಟ್ಟಿ ಬಿಡಿಸಿ ತೋರಿಸಿದ.
ಉದ್ದನೆಯ ಕಾಗದ, ಒಂದು ಗೆರೆ:
ಏರುತ್ತದೆ, ಇಳಿಯುತ್ತದೆ, ಸ್ವಲ್ಪ ಹೊತ್ತು ಮಲಗುತ್ತದೆ.
"ಇದು ನೀವು" ಅಂದ.
ಆಮೇಲೆ ಗೆರೆಯ ಮೈತುಂಬ ಸಣ್ಣ ರೋಮ,
ಒತ್ತೊತ್ತಾಗಿ, ಎಲ್ಲ ಒಂದೇ ಅಳತೆ.
"ಇದು ಎಲ್ಲಿಂದಾನೋ ಗೊತ್ತಿಲ್ಲ."

ನನಗೆ ಗೊತ್ತಾಯಿತು.
ಮೂವತ್ತೊಂದು ವರ್ಷ ಶಿಡ್ಲಘಟ್ಟದ ಬಿಸಿನೀರಲ್ಲಿ
ಬೆರಳ ತುದಿ ಬೆಂದು ನುಣುಪಾಗಿದೆ;
ಹೆಬ್ಬೆಟ್ಟು ಒತ್ತಿದರೆ ರೇಷನ್ ಅಂಗಡಿಯ ಮಿಷನ್ನು
ನನ್ನನ್ನು ನಾನಲ್ಲ ಅನ್ನುತ್ತದೆ.
ಆದರೆ ಎಳೆ ನೋಡಿದರೆ ಹೇಳಬಲ್ಲೆ,
ಎಲ್ಲಿಯವರೆಗೆ ಒಂದೇ ಗೂಡು, ಎಲ್ಲಿ ಇನ್ನೊಂದರದು ಬಂದು ಸೇರಿದೆ.
"ಇದು ನನ್ನ ಎಳೆಯಲ್ಲಪ್ಪ," ಅಂದೆ,
"ಜುಂಗು. ಬೇರೆ ಗೂಡಿಂದ ಅಂಟಿದ್ದು."

ಬಸ್ಸಿಳಿದವಳು ನೇರ ಖಲಂದರ್ ಸಾಬರ ಫಿಲೇಚರಿಗೆ ಹೋದೆ.
ಬೇಸಿನ್ನು ಮುಟ್ಟಲಿಲ್ಲ. ದೂರ ನಿಂತು ಕೇಳಿದೆ:
"ಏನ್ರೇ, ನೀರಿಗೆ ಕೈ ಹಾಕಿದ್ರೆ ನಿಮಗೇನಾಗುತ್ತೆ?"
ಮೆಹರುನ್ನೀಸಾ ನಕ್ಕಳು: "ಜುಮ್ ಅನ್ನುತ್ತೆ. ಯಾವಾಗ ಅನ್ನಲ್ಲ?"
ಚೌಡಕ್ಕ ರಬ್ಬರ್ ಚಪ್ಪಲಿ ಎತ್ತಿ ತೋರಿಸಿದಳು.
ಸಾದಿಯಾ ಮೂರು ವರ್ಷದಿಂದ ಹಲಗೆ ಮೇಲೆ ನಿಂತೇ ನೂಲು ತೆಗೆಯುತ್ತಾಳೆ,
ಬಸಿರಿದ್ದಾಗ ಅವಳ ಅತ್ತೆ ತಂದು ಹಾಕಿದ ಹಲಗೆ.
ನಾವು ಅದಕ್ಕೊಂದು ಹೆಸರನ್ನೂ ಇಟ್ಟಿದ್ದೆವು, ಇರುವೆ ಎಂದು.
ಇವತ್ತು ಇರುವೆ ಜಾಸ್ತಿ ಕಣೇ, ರಾತ್ರಿ ಮಳೆ ಬಂದಿದೆಯಲ್ಲ.
ಸಾಬರಿಗೂ ಹೇಳಿದ್ದೆವು, ವರ್ಷಕ್ಕೆರಡು ಸಲ.
"ಜುಮ್ ಅಂತಾನೆ ಅಲ್ವಾ? ಹೊಡೆಯಲ್ವಲ್ಲ."

ಈ ಸಲ ಗೂಡಿನ ತಟ್ಟೆಯ ಮೇಲೆ ಕಾಗದ ಹಾಸಿದೆ.
ತಾರೀಖು, ಗಂಟೆ, ನಿಮಿಷ.
ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.
ಒಮ್ಮೆ ಮೋಟಾರಿನ ಕಡೆ, ಒಮ್ಮೆ ನನ್ನ ಎದೆಯ ಕಡೆ,
ತಕ್ಷಣ ನಾಚಿ ಮತ್ತೆ ಕಾಗದದ ಕಡೆ.

ಶುಕ್ರವಾರ ನಮಾಜು ಮುಗಿಸಿ ಬಂದು ಮೋಟಾರು ನಿಲ್ಲಿಸಿದರು.
ಹಿತ್ತಲಲ್ಲಿ ಆಳುದ್ದ ಗುಂಡಿ.
ತಾಮ್ರದ ತಗಡು, ಅದರ ಮೇಲೆ ಇದ್ದಿಲು, ಉಪ್ಪು,
ಮತ್ತೆ ಇದ್ದಿಲು, ಮತ್ತೆ ಉಪ್ಪು.
"ಯಾರನ್ನೋ ಹೂಳ್ದಂಗಿದೆ" ಅಂದಳು ಚೌಡಕ್ಕ.
ವಾರಕ್ಕೊಂದು ಬಿಂದಿಗೆ ನೀರು ಹಾಕಬೇಕು, ಒಣಗಬಾರದು
ಎಂದ ವೈರ್‌ಮನ್.
ಆ ಕೆಲಸ ನನಗೆ ಬಂತು. ನೂಲಿನದು ಹೋಯಿತು,
ಡಾಕ್ಟರು ಬೇಡವೇ ಬೇಡ ಅಂದಿದ್ದಾರೆ.
ಮೂಲೆಯಲ್ಲಿ ಕೂತು ಗೂಡು ಆರಿಸುತ್ತೇನೆ, ಅರ್ಧ ಕೂಲಿ.

ರಾತ್ರಿ ಎರಡಕ್ಕೆ ಎಚ್ಚರವಾದರೆ
ಡಬ್ಬಿ ಹಸಿರಾಗುವುದನ್ನು ನೋಡುತ್ತೇನೆ.
ಬೆಳಿಗ್ಗೆ ಫೋನು ಬರುವುದಿಲ್ಲ.

ಇವತ್ತು ಸಾದಿಯಾ ಹಲಗೆ ಸರಿಸಿ ಬೇಸಿನ್ನಿಗೆ ಕೈ ಹಾಕಿದಳು.
ತೆಗೆದು ನೋಡಿಕೊಂಡಳು, ಮತ್ತೆ ಹಾಕಿದಳು.
"ಏನೂ ಇಲ್ಲ ಅಕ್ಕ" ಅಂದಳು,
ಏನೋ ಕಳೆದುಕೊಂಡವಳ ಹಾಗೆ.
ಆಮೇಲೆ ಹಲಗೆಯನ್ನು ಮೊದಲಿದ್ದಲ್ಲಿಗೇ ಎಳೆದು
ಅದರ ಮೇಲೆ ನಿಂತಳು.