ಒಂದು ಸ್ಕ್ರೂ ಉಳಿಯುತ್ತದೆ

ಸಿದ್ದಾಪುರದ ವಿರಾಜಪೇಟೆ ರಸ್ತೆಯಲ್ಲಿ
ಕೋಳಿ ಅಂಗಡಿಗೂ ಬೇಕರಿಗೂ ನಡುವೆ
ಆರಡಿ ಅಗಲ, ನನ್ನ ಅಂಗಡಿ.
ಬೋರ್ಡಿನ ಮೇಲೆ ಇನ್ನೂ ಬಾಪ್ಪನ ಹೆಸರು:
ಅಬೂಬಕ್ಕರ್ ರೇಡಿಯೋ ವರ್ಕ್ಸ್.
ರೇಡಿಯೋ ತರುವವರಿಲ್ಲ. ನಾನು, ನಫೀಸಾ,
ಫೋನು ಬಿಚ್ಚುತ್ತೇನೆ.

ಬಿಚ್ಚಿದ ಫೋನಿನ ಮುಂದೆ
ಜನ ಸುಮ್ಮನೆ ಕೂರುವುದಿಲ್ಲ.
ಆಪರೇಷನ್ ಕೋಣೆಯ ಹೊರಗಿನ ನೆಂಟರ ಹಾಗೆ
ಬೈಯಲು ಯಾರಾದರೂ ಬೇಕು.
ಕಂಪನಿ ಇದೆಯಲ್ಲ.

"ಮೊದಲಿನದು ಅಟ್ಟದಿಂದ ಬಿದ್ದರೂ ಎದ್ದು ಹಲೋ ಅನ್ನುತ್ತಿತ್ತು,
ಇದು ಜೇಬಲ್ಲಿ ಕೂತೇ ಒಡೆಯುತ್ತದೆ" –
ಪಿಕಪ್ ಓಡಿಸುವ ಜೋಯಪ್ಪ.
"ಅಪ್‌ಡೇಟ್ ಅಂದಿತು, ಒತ್ತಿದೆ.
ಅವತ್ತಿನಿಂದ ಗಬ್ಬದ ಎಮ್ಮೆ."
"ಹೋದ ವರ್ಷದ ಚಾರ್ಜರು ಇದಕ್ಕೆ ಹೋಗಲ್ಲ,
ಡಬ್ಬಿಯಲ್ಲಿ ಈಗ ಚಾರ್ಜರೇ ಇಡಲ್ಲ,
ಮುಂದಿನ ವರ್ಷ ಬರೀ ಡಬ್ಬಿ ಕೊಟ್ಟಾರು, ನೋಡ್ತಿರು."

ಮೆಣಸಿನ ಫಸಲಿನ ಮಾತಾಡಿದ ಸಂಜೆಯೇ
ಮೆಣಸು ಬಿಡಿಸುವ ಯಂತ್ರದ ಜಾಹೀರಾತು ಬಂತಂತೆ
ಸೀತವ್ವ ಟೀಚರಿಗೆ.
ದನಿ ತಗ್ಗಿಸಿ ಹೇಳುತ್ತಾರೆ,
ಮೇಜಿನ ಮೇಲೆ ಬಿಚ್ಚಿಟ್ಟದ್ದಕ್ಕೂ ಕೇಳದ ಹಾಗೆ.
ಮೆಣಸು ಅಂದದ್ದು ಕೇಳುವ ಕಿವಿಗೆ, ಟೀಚರ್,
ಮೂರು ತಿಂಗಳಿಂದ ನೀವು ಕೊಡುವ ದೂರು
ಯಾಕೆ ಕೇಳಿಸುವುದಿಲ್ಲ?
ಅಲ್ಲಿ ಕನ್ನಡಕ್ಕೆ ನಾಲ್ಕು ಒತ್ತಬೇಕು.
ಕೊಡವ ತಕ್ಕಿಗೆ, ಅರೆಭಾಷೆಗೆ, ಎರವರ ಮಾತಿಗೆ
ಒತ್ತಲು ಗುಂಡಿಯಿಲ್ಲ.
ನಾಲ್ಕು ಒತ್ತಿದರೆ ಸಂಗೀತ.

ಲೈನ್ ಮನೆಯ ಜೋಯ್ನಬ್ ತಂದ ಫೋನು
ಕಡಂಬುಟ್ಟಿನ ಹಾಗೆ ಉಬ್ಬಿತ್ತು.
ಹದಿನಾಲ್ಕು ಕಂತಿನದು, ಐದು ಬಾಕಿ.
ಕಂತು ತಪ್ಪಿದರೆ ಪರದೆ ತಾನೇ
ಬೀಗ ಹಾಕಿಕೊಳ್ಳುತ್ತದೆ.
ಕಂಪನಿಯ ಬಗ್ಗೆ ಅವಳೇನೂ ಅನ್ನಲಿಲ್ಲ.
"ಒಳಗೆ ಮಗಳ ಮುಖ ಇದೆ, ಊರಲ್ಲಿರೋಳು,
ಅದು ಹೋಗದ ಹಾಗೆ ತೆಗಿ, ಅಕ್ಕಾ."
ಯಾರೂ ತೆಗೆಯಬಾರದೆಂದೇ
ಅಂಟಿಸಿಬಿಟ್ಟಿದ್ದಾರೆ ಬ್ಯಾಟರಿಯನ್ನು.
ಬಿಸಿಗಾಳಿ ಕೊಟ್ಟು, ಹಳೇ ಎಕ್ಸ್‌ರೇ ಹಾಳೆಯ ಚೂರು ತೂರಿಸಿ
ಉಸಿರು ಬಿಗಿಹಿಡಿದು ಎಬ್ಬಿಸಿದೆ.
ಹಲಸಿನ ಅಂಟು ಇದಕ್ಕಿಂತ ಮರ್ಯಾದಸ್ಥ,
ಎಣ್ಣೆ ಹಚ್ಚಿದರೆ ಬಿಡುತ್ತದೆ.

ಕೈಲ್ ಪೊಳ್ದಿನ ಮಾರನೆಯ ದಿನ ಪೂವಯ್ಯಜ್ಜ ಬಂದರು.
ಮಗಳು ಬಳಸಿ ಬಿಟ್ಟ ಫೋನು, ಕಚ್ಚಿದ ಹಣ್ಣಿನ ಗುರುತಿನದು.
ಚಾರ್ಜ್ ಆಗುತ್ತಿಲ್ಲ.
ಬೆಳಕು ಬಿಟ್ಟು ನೋಡಿದರೆ ಕಿಂಡಿಯೊಳಗೆ
ಕೆಂಪು, ತುದಿಗೆ ಹಳದಿ:
ತೋಕ್ ಪೂವಿನ ಎಸಳು.
"ಕೋವಿಗಳ ಸಾಲಲ್ಲಿ ಇದನ್ನೂ ಇಟ್ಟಿದ್ದೆ," ನಾಚಿದರು,
"ಎಲ್ಲರೂ ಊಟಕ್ಕೆ ಎದ್ದ ಮೇಲೆ.
ಆನೆ ಯಾವ ತೋಟದಲ್ಲಿದೆ ಅಂತ ಕೋವಿ ಹೇಳ್ತದಾ?
ಇದು ಹೇಳ್ತದೆ."

ಚಿಮುಟದಲ್ಲಿ ಎಸಳು ಎಳೆಯುವಾಗ
ಕನ್ನಡಕ ಏರಿಸಿ ಬಗ್ಗಿದರು:
"ಅಜ್ಜನ ಕೋವಿ ನಾನೇ ಬಿಚ್ಚುತ್ತೇನೆ,
ಎಣ್ಣೆ ಕುಡಿಸಿ ನಾನೇ ಮುಚ್ಚುತ್ತೇನೆ.
ಇದಕ್ಕೆ ಐದು ಮೂಲೆಯ ಸ್ಕ್ರೂ ಯಾಕೆ?
ದುಡ್ಡು ಕೊಟ್ಟವನನ್ನೇ ಕಳ್ಳ ಅಂದುಕೊಂಡರಾ?"

ನಾನು ಉತ್ತರ ಕೊಡಲಿಲ್ಲ.
ಐದು ಮೂಲೆಯ ಕೀಲಿ ನನ್ನ ಡ್ರಾದಲ್ಲಿದೆ,
ಎಂಬತ್ತು ರೂಪಾಯಿ,
ಬೀಗ ಮಾಡಿದವರ ಪಕ್ಕದ ಬೀದಿಯವರೇ ಮಾಡಿರಬೇಕು.
ನಿಜ ಹೇಳಲಾ?
ಅವರು ಚೆನ್ನಾಗಿ ಮಾಡಿಬಿಟ್ಟರೆ
ನನ್ನ ಬಾಡಿಗೆ ಯಾರು ಕಟ್ಟುತ್ತಾರೆ?
ಈ ಬೈಗುಳದ ಉರಿಯಲ್ಲೇ
ನನ್ನ ಅನ್ನ ಬೇಯುವುದು.
ಅಜ್ಜನ ಹತ್ತಿರ ದುಡ್ಡು ತೆಗೆದುಕೊಳ್ಳಲಿಲ್ಲ.
ಎಸಳನ್ನು ಮಾತ್ರ ಇಟ್ಟುಕೊಂಡೆ, ಯಾಕೋ.

ಎಷ್ಟು ಜೋಪಾನವಾಗಿ ಜೋಡಿಸಿದರೂ ಕೆಲವು ಸಲ
ಒಂದು ಸ್ಕ್ರೂ ಉಳಿಯುತ್ತದೆ.
ಯಾವ ಗುಳಿಯದೆಂದು ಹುಡುಕುತ್ತೇನೆ, ಸಿಗದು.
ಗುಂಡಿ ಒತ್ತುತ್ತೇನೆ.
ಮೊದಲು ಕಂಪನಿಯ ಹೆಸರು ಬೆಳಗುತ್ತದೆ,
ಆಮೇಲೆ ಜೋಯ್ನಬಳ ಮಗಳು,
ಎರಡು ಜಡೆ, ಒಂದು ಹಲ್ಲು ಇಲ್ಲ.

ಬಾಪ್ಪನ ಕಾಲದ ಜೇನಿನ ಬಾಟಲಿಯಲ್ಲಿ
ಉಳಿದದ್ದನ್ನೆಲ್ಲ ಹಾಕಿಡುತ್ತೇನೆ.
ಅರ್ಧ ತುಂಬಿದೆ.
ಕರೆಂಟು ಹೋದ ಸಂಜೆ
ಅಲ್ಲಾಡಿಸಿದರೆ
ಸ್ಟೇಷನ್ ಸಿಗದ ರೇಡಿಯೋದ ಸದ್ದು.