ಏಳು ನಿಮಿಷದ ದಾರಿ

ನಮ್ಮೂರು ದ್ವೀಪವೆಂದು ನನಗೆ ಹೇಳಿದ್ದು
ಐದನೇ ಕ್ಲಾಸಿನ ಮೇಷ್ಟ್ರು.
ಸಂಜೆ ಓಡಿ ಬಂದು ಅವ್ವನಿಗೆ ಹೇಳಿದರೆ
'ಅಂಗಂದ್ರೆ?' ಅಂದಳು, ಒಲೆ ಊದುತ್ತ.
'ಸುತ್ತಲೂ ನೀರವ್ವ.'
'ಅದ್ಕೇನೀಗ? ಬಿಂದಿಗೆ ತಗಂಡ್ ಹೋಗು.'

ಶ್ರೀರಂಗಪಟ್ಟಣದಲ್ಲಿ ಬೆಳಗಾಗುವುದು
ಮೊದಲು ಮಸೀದಿಯ ಬಾಂಗಿನಲ್ಲಿ, ಆಮೇಲೆ ಗುಡಿಯ ಗಂಟೆಯಲ್ಲಿ,
ಆಮೇಲೆ ಮೈಸೂರಿನ ರೈಲಿನಲ್ಲಿ.
ಸೇತುವೆಗೆ ಕಾಲಿಟ್ಟ ಕೂಡಲೆ ಅದರ ದನಿ ಬೇರೆ,
ಮೆಲ್ಲಗೆ ಮಾತಾಡಿಕೊಂಡು ಬಂದವನು
ಹೊಳೆ ಕಂಡು ಕಿರುಚಿದ ಹಾಗೆ.
ಆ ಹೊತ್ತಿಗೆ ಅಪ್ಪ ಸಾಣೆಕಲ್ಲಿಗೆ ನೀರು ಚಿಮುಕಿಸಿ
ಕತ್ತಿ ಮಸೆಯುತ್ತಿದ್ದ.

ಸ್ನಾನಘಟ್ಟದಲ್ಲಿ ಮೇಲಿನ ಮೂರನೇ ಮೆಟ್ಟಿಲು ಅವನದು.
ತಿಪಟೂರಿಂದ, ಹಾಸನದಿಂದ, ಎಲ್ಲೆಲ್ಲಿಂದಲೋ
ಟೆಂಪೋ ಮಾಡಿಕೊಂಡು ಬರುತ್ತಿದ್ದರು,
ತೊಡೆಯ ಮೇಲೆ ಬಟ್ಟೆ ಬಾಯಿಕಟ್ಟಿದ ಕುಡಿಕೆ,
ನಿದ್ದೆಗೆಟ್ಟ ಕಣ್ಣು, ಜೇಬಲ್ಲಿ ಚಿಲ್ಲರೆಯಿಲ್ಲ.
ಅಪ್ಪ ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ.
'ತಾಯೋ, ತಂದೆಯೋ?' ಅಷ್ಟೆ.
ತಾಯಿ ಅಂದರೆ ತಲೆಗೆ ನೀರು ತುಸು ಹೆಚ್ಚು ತಟ್ಟುತ್ತಿದ್ದ.
ಯಾಕೆಂದು ನಾನು ಕೇಳಲಿಲ್ಲ.
ಕೇಳದೆ ಉಳಿದದ್ದು ಅದೊಂದೇ ಅಲ್ಲ.

ನಾನು ಬಸ್‌ಸ್ಟ್ಯಾಂಡಿನ ಹಿಂದೆ ಸಲೂನು ತೆರೆದೆ,
ತಿರುಗುವ ಕುರ್ಚಿ ಒಂದು, ಎದುರುಬದುರು ಕನ್ನಡಿ ಎರಡು,
ಮದುವೆ ಗಂಡುಗಳ ಮುಖಕ್ಕೆ ಹಚ್ಚುವ ಕ್ರೀಮು.
'ನನಗೆ ಬದುಕಿದವರ ತಲೆ ಸಾಕು' ಅಂದೆ.
ಅಪ್ಪ ನಕ್ಕ.
'ನಾನು ಮುಟ್ಟೋದೂ ಬದುಕಿರೋರ್ ತಲೆನೇ ಕಣ್ಲಾ.'

ಅವ್ವ ಹೋದದ್ದು ಆಷಾಢದಲ್ಲಿ.
ಕನ್ನಂಬಾಡಿ ಕಟ್ಟೆ ಬಿಟ್ಟಿದ್ದರು.
ಮೆಟ್ಟಿಲೆಲ್ಲ ಮುಳುಗಿ, ಪೊಲೀಸರು ಹಗ್ಗ ಕಟ್ಟಿ,
ಮರದ ದಿಮ್ಮಿ, ಚಪ್ಪಲಿ, ಯಾರದೋ ಹೂವಿನ ತಟ್ಟೆ
ಒಂದರ ಹಿಂದೊಂದು ಅವಸರವಾಗಿ ಹೋಗುತ್ತಿದ್ದವು.
ಅಪ್ಪ ಹಗ್ಗದ ಈಚೆ ನನ್ನನ್ನು ಕೂರಿಸಿದ.
ನೀರು ತಟ್ಟಿದ. ತಟ್ಟಿದ. ತಟ್ಟುತ್ತಲೇ ಇದ್ದ.
ಎಷ್ಟೋ ಹೊತ್ತು ಕತ್ತಿ ತೆಗೆಯಲೇ ಇಲ್ಲ.

ಅಪ್ಪ ಹೋದದ್ದು ಮಾಘದಲ್ಲಿ,
ಹೊಳೆಯೊಳಗಿನ ಬಂಡೆಗಳು ಬೆನ್ನು ಕಾಯಿಸುವ ಕಾಲ.
ಊರೂರಿನವರಿಗೆ ಒಂದು ಹಗಲಿನ ದಾರಿ ಇದು,
ನಮಗೆ ಮನೆಯಿಂದ ಏಳು ನಿಮಿಷ.
ಸಾಕಾಗಲಿಲ್ಲ.
ಸುತ್ತು ಹಾಕಿಕೊಂಡು ಹೋದೆ, ಕೋಟೆ ಗೋಡೆಯ ಪಕ್ಕ.
ಇಡ್ಲಿ ಗಾಡಿಯ ಜವರಮ್ಮ ನನ್ನ ಕಂಡು ಸ್ಟೌವ್ ಆರಿಸಿದಳು.
ಪಂಕ್ಚರ್ ಅಂಗಡಿಯ ಇಲಿಯಾಸ್ ಟ್ಯೂಬು ಕೆಳಗಿಟ್ಟು ಎದ್ದು ನಿಂತ.
ಕಾರಿನ ಗಾಜು ಇಳಿಸಿ ಯಾರೋ ಕೇಳಿದರು,
'ದರಿಯಾ ದೌಲತ್‌ಗೆ ಹೇಗೆ ಹೋಗೋದು?'
ಕುಡಿಕೆ ಎಡಗೈಗೆ ಬದಲಿಸಿ
ದಾರಿ ತೋರಿಸಿದೆ.

ಘಟ್ಟದಲ್ಲಿ ತಿಮ್ಮರಾಜಣ್ಣ ಕಾದಿದ್ದ.
ಪಕ್ಕದ ಮೆಟ್ಟಿಲಿನವನು, ಗಿರಾಕಿಗಳಿಗಾಗಿ
ಅಪ್ಪನ ಜೊತೆ ಮೂವತ್ತು ವರ್ಷ ಜಗಳವಾಡಿದವನು.
ಅಭ್ಯಾಸಬಲ, 'ತಾಯೋ, ತಂ' ಎಂದು
ನಾಲಿಗೆ ಕಚ್ಚಿಕೊಂಡ.
ದುಡ್ಡು ಮುಟ್ಟಲಿಲ್ಲ.
ಅಪ್ಪನ ಕತ್ತಿಯಲ್ಲೇ ಮಾಡು ಅಂದೆ,
'ಅವನ ಕೈಗೆ ಸವೆದದ್ದು, ನನಗೆ ಬಗ್ಗಲ್ಲ' ಅಂದ.

ನೀರಿಗೆ ಬಿಟ್ಟವರು
ತಿರುಗಿ ನೋಡದೆ ಹೋಗಬೇಕಂತೆ.
ಬಂದವರೆಲ್ಲ ಹಾಗೇ ಹೋದರು ಇಷ್ಟು ವರ್ಷ,
ಒದ್ದೆ ಪಂಚೆಯಲ್ಲಿ, ಟೆಂಪೋ ಹತ್ತಿ, ಸೇತುವೆ ದಾಟಿ.
ನಾವು ಎಲ್ಲಿಗೆ ಹೋಗೋಣ?
ಯಾವ ಕಡೆ ಬೆನ್ನು ತಿರುಗಿಸಿದರೂ
ಎದುರಿಗೆ ಹೊಳೆ.

ಸಂಜೆ ಆರಕ್ಕೆ ನಲ್ಲಿ ಗೊರಗೊರ ಅಂದಿತು.
ಮೊದಲು ಗಾಳಿ, ಆಮೇಲೆ ಕೆಂಪಗೆ ಒಂದಿಷ್ಟು, ಆಮೇಲೆ ತಿಳಿ.
ಬೋಳು ತಲೆಗೆ ತಣ್ಣನೆ ಗಾಳಿ ಬೀಸುತ್ತಿತ್ತು.
ಒಳಗೆ ಯಾರೂ ಹೇಳಲಿಲ್ಲ,
ಆದರೂ
ಬಿಂದಿಗೆ ತಂದು ಇಟ್ಟೆ.